ಆರು ಮನೆ ಕಟ್ಟಿಸುತ್ತಿದ್ದೇನೆ. ಈಗಲೇ ಮಾರಲಾ, ಮುಗಿಸಿ ಮಾರಲಾ?

ಗಾರೆಕೈ

ನಮಸ್ಕಾರ. 18 ವರ್ಷ ಬೇರೆಯವರ ಸೈಟಿನಲ್ಲಿ ಸೂಪರ್‌ವೈಸರ್ ಆಗಿದ್ದವನು ನಾನು. ಈಗ ಮೊದಲ ಸಲ ಸ್ವಂತಕ್ಕೆ ಕೈ ಹಾಕಿದ್ದೇನೆ. ಒಂದೇ ಸಾಲಿನಲ್ಲಿ 6 ಮನೆ. ಪಾಯ ಮುಗಿದು, ಪ್ಲಿಂತ್ ಬೀಮ್ ಹಾಕಿ, ಮೊನ್ನೆ ಮಣ್ಣು ತುಂಬಿಸಿದ್ದಾಯಿತು.

ಕೈಯಲ್ಲಿರುವ ದುಡ್ಡು ಆರೂ ಮನೆಗೆ ತಾರಸಿ ಹಾಕುವವರೆಗೆ ಹೇಗೋ ಸಾಲುತ್ತದೆ. ಆಮೇಲೆ ಎರಡು ದಾರಿ. ಈಗಲೇ ಬುಕಿಂಗ್ ತೆಗೆದುಕೊಂಡು ಜನರ ಮುಂಗಡದಲ್ಲೇ ಮುಗಿಸುವುದು. ಇಲ್ಲ, ಬ್ಯಾಂಕಿನಲ್ಲಿ ಸಾಲ ಮಾಡಿ ಪೂರ್ತಿ ಕಟ್ಟಿ, ಆಮೇಲೆ ಗಿರಾಕಿ ಹುಡುಕುವುದು.

ಏಜೆಂಟ್ ಒಬ್ಬರು ‘ಈಗಲೇ ಆರೂ ಮಾರಿಬಿಡಿ ಸಾರ್, ಬಡ್ಡಿ ಇಲ್ಲದ ದುಡ್ಡು ಯಾರು ಬಿಡುತ್ತಾರೆ’ ಅನ್ನುತ್ತಾರೆ. ಹೆಂಡತಿ ‘ಗೋಡೆಯೇ ಇಲ್ಲದ ಮನೆಗೆ ದುಡ್ಡು ತಗೊಂಡು ನಿಮಗೆ ನಿದ್ದೆ ಬರುತ್ತಾ’ ಅನ್ನುತ್ತಾಳೆ. ಇಬ್ಬರ ಮಾತೂ ಸರಿ ಅನ್ನಿಸುತ್ತಿದೆ, ಅದೇ ತಲೆನೋವು. ಕಟ್ಟಿಸಿದವರು, ಕೊಂಡವರು, ಕೊಂಡು ಕೈ ಸುಟ್ಟುಕೊಂಡವರು, ಎಲ್ಲರೂ ಹೇಳಿ.

ಕಿಟಕಿಪಕ್ಕ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ನೋಡಿದ್ದೆ. ಕುಲಾವಿಗೆ ಕಂತು ಕಟ್ಟುವವರನ್ನು ಈಗ ನೋಡುತ್ತಿದ್ದೇನೆ.

ಮಣ್ಣುಗಾಲು

ಕೈ ಸುಟ್ಟುಕೊಂಡವರ ಸಾಲಿನಲ್ಲಿ ನಾನು ಮೊದಲು ನಿಲ್ಲುತ್ತೇನೆ.

ನಕ್ಷೆ ನೋಡಿ ಫ್ಲಾಟ್ ಬುಕ್ ಮಾಡಿದೆವು. ಎರಡು ವರ್ಷದಲ್ಲಿ ಕೊಡುತ್ತೇವೆ ಅಂದರು. ನಾಲ್ಕು ವರ್ಷ ಎಂಟು ತಿಂಗಳಾಯಿತು. ಅಷ್ಟೂ ದಿನ ಒಂದು ಕೈಯಲ್ಲಿ ಬಾಡಿಗೆ, ಇನ್ನೊಂದು ಕೈಯಲ್ಲಿ ಸಾಲದ ಕಂತು. ಪ್ರತಿ ಭಾನುವಾರ ಹೋಗಿ ನೋಡುತ್ತಿದ್ದೆವು. ಮೊದಲು ಕೆಲಸದವರು 40 ಜನ ಇರುತ್ತಿದ್ದರು. ಆಮೇಲೆ 12. ಆಮೇಲೆ ಒಬ್ಬ ವಾಚ್‌ಮನ್ ಮತ್ತು ಒಂದು ನಾಯಿ. ನಾಯಿ ನಮ್ಮನ್ನು ಗುರುತು ಹಿಡಿದು ಬಾಲ ಆಡಿಸುವಷ್ಟು ಸಲ ಹೋಗಿದ್ದೇವೆ.

ನಮ್ಮ ದುಡ್ಡು ಎಲ್ಲಿ ಹೋಗಿತ್ತು ಅಂತ ಕೊನೆಗೆ ಗೊತ್ತಾಯಿತು. ಆ ಬಿಲ್ಡರ್ ಅದೇ ದುಡ್ಡಿನಲ್ಲಿ ಬೇರೆ ಕಡೆ ಇನ್ನೊಂದು ಜಾಗ ಕೊಂಡಿದ್ದ. ಆ ಜಾಗದ ಬುಕಿಂಗ್ ದುಡ್ಡು ಬಂದ ಮೇಲೆ ನಮ್ಮದಕ್ಕೆ ಟೈಲ್ಸ್ ಬಂತು! ಗಾರೆಕೈ ಸಾರ್, ನೀವು ಅಂಥವರಲ್ಲ ಅಂತ ನಂಬುತ್ತೇನೆ. ಆದರೆ ಅವನೂ ಮೊದಲ ದಿನ ತುಂಬಾ ಒಳ್ಳೆಯವನ ಥರ ಕಾಣಿಸಿದ್ದ.

ಲೆಕ್ಕದಕ್ಕ

ಆ ಏಜೆಂಟ್ ಹೇಳಿದ ‘ಬಡ್ಡಿ ಇಲ್ಲದ ದುಡ್ಡು’ ಅನ್ನುವ ಮಾತನ್ನು ಒಂದು ಸಲ ಬಿಡಿಸಿ ನೋಡೋಣ.

ಮುಗಿದ ಮನೆಯ ಬೆಲೆ 100 ಅಂತ ಇಟ್ಟುಕೊಳ್ಳಿ. ಪಾಯದ ಹಂತದಲ್ಲಿ ಅದನ್ನೇ 85ಕ್ಕೆ ಮಾರುತ್ತೀರಿ. ಗಿರಾಕಿ ಎರಡು ವರ್ಷದಲ್ಲಿ ಕಂತು ಕಂತಾಗಿ ಕೊಡುತ್ತಾರೆ. ಸ್ವಲ್ಪ ಮೊದಲೇ, ಸ್ವಲ್ಪ ಕೊನೆಗೆ. ಸರಾಸರಿ ಹಿಡಿದರೆ ಅವರ ದುಡ್ಡು ಪೂರ್ತಿಯಾಗಿ ನಿಮ್ಮ ಹತ್ತಿರ ಒಂದು ವರ್ಷ ಇದ್ದ ಹಾಗೆ. 85ರ ಮೇಲೆ 15 ಬಿಟ್ಟುಕೊಟ್ಟಿದ್ದೀರಿ. ಅಂದರೆ ವರ್ಷಕ್ಕೆ ನೂರಕ್ಕೆ 17ರ ಮೇಲೆ ಬಡ್ಡಿ ಕೊಟ್ಟಂತಾಯಿತು. ರಿಯಾಯಿತಿ ಅಂತ ಹೆಸರಿಟ್ಟ ಮಾತ್ರಕ್ಕೆ ಬಡ್ಡಿ ಬಡ್ಡಿಯಲ್ಲದೆ ಹೋಗುತ್ತದಾ? ಬ್ಯಾಂಕಿನವರು ಅದಕ್ಕಿಂತ ಕಡಿಮೆಗೆ ಕೊಡುವುದಾದರೆ ನೀವು ಯಾಕೆ ಆರೂ ಮಾರಬೇಕು?

ಈಗ ಗಿರಾಕಿ ಕಡೆಯಿಂದ ನೋಡಿ. 17 ಅಂದರೆ ಒಳ್ಳೆಯ ಬಡ್ಡಿಯೇ. ಆದರೆ ಮನೆ ಎರಡು ವರ್ಷ ತಡವಾಯಿತು ಅನ್ನಿ. ದುಡ್ಡು ಹೆಚ್ಚುಕಡಿಮೆ ಎಲ್ಲಾ ಕಟ್ಟಿ ಆಗಿರುತ್ತದೆ. ಸರಾಸರಿ ಒಂದು ವರ್ಷ ಇದ್ದದ್ದು ಮೂರು ವರ್ಷವಾಗುತ್ತದೆ. ಅದೇ 15ರ ರಿಯಾಯಿತಿ ಈಗ ವರ್ಷಕ್ಕೆ 6 ಕೂಡ ಬೀಳುವುದಿಲ್ಲ. ಅದರಲ್ಲಿ ಮಣ್ಣುಗಾಲು ಕಟ್ಟಿದ ಬಾಡಿಗೆ ಕಳೆಯಿರಿ. ಕೈಯಿಂದ ಹೋಗಿರುತ್ತದೆ.

ಕಟ್ಟುವ ಮುಂಚೆ ಮನೆ ಕೊಳ್ಳುವವರು ತಾವು ಮನೆ ಕೊಂಡೆವು ಅಂದುಕೊಳ್ಳುತ್ತಾರೆ. ನಿಜವಾಗಿ ಅವರು ಬಿಲ್ಡರ್‌ಗೆ ಸಾಲ ಕೊಟ್ಟಿರುತ್ತಾರೆ. ಬ್ಯಾಂಕಿನವರು ಸಾಲ ಕೊಡುವಾಗ ಹತ್ತು ಕಾಗದ ಕೇಳುತ್ತಾರೆ, ಜಾಗ ಅಡ ಹಾಕಿಸಿಕೊಳ್ಳುತ್ತಾರೆ. ಗಿರಾಕಿ ಬ್ರೋಷರ್ ನೋಡಿ ಕೊಡುತ್ತಾರೆ.

ಗಾರೆಕೈ

ಅಕ್ಕಾ, ಈ ಲೆಕ್ಕ ನನಗೆ ಯಾರೂ ಹೀಗೆ ಹೇಳಿರಲಿಲ್ಲ. ಆದರೆ ಒಂದು ಪ್ರಶ್ನೆ. ಬ್ಯಾಂಕಿನ ಸಾಲದಲ್ಲಿ ಮನೆ ಮಾರಾಟವಾಗದಿದ್ದರೂ ಬಡ್ಡಿ ಓಡುತ್ತದೆ. ಮುಂಗಡದಲ್ಲಿ ಆ ಭಯ ಇಲ್ಲ ಅಲ್ವಾ?

ಲೆಕ್ಕದಕ್ಕ

ಇಲ್ಲ. ಅಲ್ಲಿ ನಿಮ್ಮ ಮಾತು ಸರಿ. ಆ 15ರಲ್ಲಿ ಒಂದು ಪಾಲು ಬಡ್ಡಿ, ಇನ್ನೊಂದು ಪಾಲು ‘ಮಾರಾಟವಾಗದೆ ಉಳಿದರೆ’ ಅನ್ನುವ ಭಯವನ್ನು ಗಿರಾಕಿ ತಲೆಗೆ ದಾಟಿಸಿದ್ದಕ್ಕೆ ಕೊಡುವ ಬೆಲೆ. ಸುಮಾರು ಕಡೆ ದೊಡ್ಡ ಅಪಾರ್ಟ್‌ಮೆಂಟಿಗೆ ಸಾಲ ಕೊಡುವ ಬ್ಯಾಂಕೇ ‘ಇಷ್ಟು ಫ್ಲಾಟ್ ಮೊದಲೇ ಮಾರಾಟವಾಗಿರಬೇಕು’ ಅಂತ ಷರತ್ತು ಹಾಕುತ್ತದೆ. ಅವರಿಗೂ ಅದೇ ಭಯ.

ಆದರೆ ಇನ್ನೊಂದು ಭಯ ನಿಮ್ಮ ಹತ್ತಿರವೇ ಉಳಿಯುತ್ತದೆ. ಮಾರಿದ ಬೆಲೆ ಇವತ್ತಿನದು, ಕಬ್ಬಿಣ ಸಿಮೆಂಟಿನ ಬೆಲೆ ನಾಳೆಯದು. ಆರೂ ಮಾರಿ ಕೂತ ಮೇಲೆ ಸಾಮಾನಿನ ಬೆಲೆ ಏರಿದರೆ ಎಲ್ಲಿಂದ ತರುತ್ತೀರಿ?

ಗಾರೆಕೈ

ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮುಂಚೆ ಕೆಲಸ ಮಾಡುತ್ತಿದ್ದ ಒಂದು ಕಡೆ ಎಲ್ಲಾ ಮೊದಲೇ ಮಾರಿದ್ದರು. ಕಬ್ಬಿಣದ ಬೆಲೆ ಏರಿತು. ಬೆಲೆ ಏರಿತು ಅಂತ ಯಾರಿಗೂ ಹೇಳಲಿಲ್ಲ. ಪೇಂಟ್ ಒಂದು ಕೋಟ್ ಕಡಿಮೆಯಾಯಿತು. ಬಾಗಿಲ ಚೌಕಟ್ಟಿನ ಮರ ಬದಲಾಯಿತು. ಬಾತ್‌ರೂಮಿನ ವಾಟರ್‌ಪ್ರೂಫಿಂಗ್ ಎರಡು ಪದರ ಬರೆದಿದ್ದು ಒಂದೇ ಪದರಕ್ಕೆ ನಿಂತಿತು. ಅದರ ಮೇಲೆ ಟೈಲ್ಸ್ ಕೂತ ಮೇಲೆ ಯಾರಿಗೆ ಕಾಣುತ್ತದೆ? ಆ ಟೈಲ್ಸ್ ಕೂರಿಸುವಾಗ ನಿಂತು ನೋಡಿದವನು ನಾನೇ. ಅದಕ್ಕೇ ಹೆಂಡತಿಯ ಪ್ರಶ್ನೆ ಚುಚ್ಚುತ್ತಿರುವುದು.

ಊರೂರುಸುತ್ತಿ

ಹಣದ ಲೆಕ್ಕದ ನಡುವೆ ಸ್ವಲ್ಪ ಹಳೇ ಕಥೆ ಹೇಳಲಾ? ಬೇಡ ಅಂದರೂ ಹೇಳುತ್ತೇನೆ.

ಜಪಾನಿನಲ್ಲಿ ಕಟ್ಟುವ ಮುಂಚೆ ಮನೆ ಮಾರುವುದಕ್ಕೆ ‘ಅಓತಾ ಉರಿ’ ಅನ್ನುತ್ತಾರೆ. ಅಓತಾ ಅಂದರೆ ಹಸಿರು ಗದ್ದೆ, ಉರಿ ಅಂದರೆ ಮಾರಾಟ. ಭತ್ತ ಇನ್ನೂ ಹಸಿರಾಗಿರುವಾಗಲೇ ಬೆಳೆ ಮಾರಿದ ಹಾಗೆ. ಇಷ್ಟು ಸರಿಯಾದ ಹೆಸರು ಬೇರೆ ಯಾವ ಭಾಷೆಯಲ್ಲೂ ನನಗೆ ಸಿಕ್ಕಿಲ್ಲ. ಹಸಿರು ಗದ್ದೆ ಕೊಂಡವನಿಗೆ ಅಗ್ಗ. ಮಳೆ ಕೈಕೊಟ್ಟರೆ ಹುಲ್ಲು ಮಾತ್ರ.

ಮುಗಿಸಿ ಮಾರುವುದೂ ಹೊಸದಲ್ಲ. 1666ರಲ್ಲಿ ಲಂಡನ್ ಸುಟ್ಟುಹೋದ ಮೇಲೆ ನಿಕೊಲಸ್ ಬಾರ್ಬನ್ ಅನ್ನುವವನು ಗಿರಾಕಿ ಯಾರು ಅಂತ ಗೊತ್ತಿಲ್ಲದೆ ಸಾಲು ಸಾಲು ಮನೆ ಎಬ್ಬಿಸಿದ. ಬೆಂಕಿ ವಿಮೆಯ ಕಂಪನಿ ಶುರು ಮಾಡಿದವರಲ್ಲೂ ಅವನೇ ಮೊದಲಿಗ. ಮನೆಯನ್ನೂ ಅವನೇ ಮಾರಿ, ಮನೆ ಸುಟ್ಟರೆ ಅನ್ನುವ ಭಯವನ್ನೂ ಅವನೇ ಮಾರಿದ. ಘಾಟಿ ಆಸಾಮಿ.

ಆದರೆ ನನಗೆ ಇಷ್ಟವಾಗುವುದು ಇವೆರಡರ ನಡುವಿನದು. ಆಮೇಲಿನ ನೂರು ವರ್ಷದಲ್ಲಿ ಅಲ್ಲಿನ ಬಿಲ್ಡರ್‌ಗಳು ಸುಮಾರು ಮನೆಗಳನ್ನು ಬರೀ ಅಸ್ಥಿಪಂಜರದ ಹಂತದಲ್ಲಿ ಮಾರುತ್ತಿದ್ದರು. ಗೋಡೆ, ನೆಲ, ಸೂರು ಅವರದು. ಒಳಗಿನ ಗಾರೆ, ಮರಗೆಲಸ ಕೊಂಡವನದು. ಇಂಗ್ಲೆಂಡಿನಲ್ಲೇ ಇರುವ ಬಾತ್ ಅನ್ನುವ ಊರಿನ ರಾಯಲ್ ಕ್ರೆಸೆಂಟ್ ನೋಡಿ. 1767ರಲ್ಲಿ ಶುರುವಾಗಿದ್ದು, 30 ಮನೆ, ಅರ್ಧಚಂದ್ರದ ಹಾಗೆ ಬಾಗಿದ ಸಾಲು. ಜಾನ್ ವುಡ್ ಕಿರಿಯ ಅನ್ನುವವನು ಮುಂಭಾಗದ ವಿನ್ಯಾಸ ಮಾಡಿದ. ಕೊಳ್ಳುವವರು ಆ ಮುಂಭಾಗದ ಒಂದೊಂದು ತುಂಡು ಕೊಂಡು, ಹಿಂದಿನ ಮನೆಯನ್ನು ತಮ್ಮವರಿಂದ ಕಟ್ಟಿಸಿಕೊಂಡರು. ಮುಂದಿನಿಂದ ನೋಡಿದರೆ ಒಂದೇ ಅಚ್ಚು. ಹಿಂದೆ ಹೋದರೆ ಒಬ್ಬರ ಸೂರು ಮೇಲೆ, ಇನ್ನೊಬ್ಬರದು ಕೆಳಗೆ, ಒಬ್ಬರ ಗೋಡೆ ಮುಂದೆ, ಮತ್ತೊಬ್ಬರದು ಒಳಗೆ. 250 ವರ್ಷವಾದರೂ ಜನ ನೋಡಲು ಬರುತ್ತಾರೆ.

ಕಿಟಕಿಪಕ್ಕ

ನಾನು ಕೊಂಡ ಅಪಾರ್ಟ್‌ಮೆಂಟೂ ಮುಂದಿನಿಂದ ಒಂದು ಥರ, ಹಿಂದಿನಿಂದ ಇನ್ನೊಂದು ಥರ. ನೋಡಲು ಪ್ಲಂಬರ್ ಮಾತ್ರ ಬರುತ್ತಾನೆ.

ತೂಗುಗುಂಡು

ನಾನು ಸಿವಿಲ್ ಇಂಜಿನಿಯರ್. ಜನರ ಪರವಾಗಿ ಮನೆ ನೋಡಿ ಹೇಳುವುದೇ ಕೆಲಸ. ‘ಮುಗಿದ ಮನೆ ಕೊಂಡರೆ ಸೇಫ್, ಕಣ್ಣಿಗೆ ಕಾಣುತ್ತದಲ್ಲ’ ಅನ್ನುವ ಮಾತು ದಿನಾ ಕೇಳುತ್ತೇನೆ. ಅರ್ಧ ನಿಜ.

ಮುಗಿದ ಮನೆಗೆ ಹೋಗುವಾಗ ನನ್ನ ಹತ್ತಿರ ಮೂರು ಸಾಮಾನು ಇರುತ್ತವೆ. ಟಾರ್ಚ್, ಒಂದು ನಾಣ್ಯ, ಬಕೆಟ್. ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಬೆಳಕನ್ನು ಗೋಡೆಯುದ್ದಕ್ಕೂ ಹಾಯಿಸಿದರೆ ಸಾಕು. ಸಪಾಟಾಗಿ ಕಾಣುತ್ತಿದ್ದ ಗೋಡೆಯಲ್ಲಿ ಉಬ್ಬು, ತಗ್ಗು, ಆಮೇಲೆ ತೇಪೆ ಹಾಕಿದ ಜಾಗ, ಎಲ್ಲಾ ನೆರಳಾಗಿ ಎದ್ದು ನಿಲ್ಲುತ್ತವೆ. ನಾಣ್ಯದಿಂದ ಟೈಲ್ಸ್ ಬಡಿಯುತ್ತೇನೆ. ಕೆಳಗೆ ಗಾರೆ ತುಂಬಿದ್ದರೆ ಟಣ್ ಅನ್ನುತ್ತದೆ. ಟೊಳ್ಳಿದ್ದರೆ ಡಬ್ ಅನ್ನುತ್ತದೆ. ಹೋದ ತಿಂಗಳು ಒಂದು ಹಾಲ್‌ನಲ್ಲಿ 64 ಟೈಲ್ಸ್ ಬಡಿದೆ, 23 ಡಬ್ ಅಂದವು. ಮನೆಯವರು ಎಣಿಸುತ್ತಾ ಎಣಿಸುತ್ತಾ ಮಾತು ನಿಲ್ಲಿಸಿದರು. ಬಕೆಟ್ ನೀರನ್ನು ಬಾತ್‌ರೂಮಿನ ಮೂಲೆಯಲ್ಲಿ ಸುರಿಯುತ್ತೇನೆ. ನೀರು ಜಾಲರಿಯ ಕಡೆ ಹೋಗಬೇಕು. ಬಾಗಿಲ ಕಡೆ ಹೊರಟರೆ ಆ ಮನೆಯಲ್ಲಿ ದಿನಾ ಸ್ನಾನವಾದ ಮೇಲೆ ನೆಲ ಒರೆಸುವ ಕೆಲಸ ಖಾಯಂ.

ಇಷ್ಟೆಲ್ಲಾ ಮಾಡಿದರೂ ನನಗೆ ಕಾಣುವುದು ಚರ್ಮ ಮಾತ್ರ. ಪಿಲ್ಲರ್ ಒಳಗೆ ಎಷ್ಟು ಕಬ್ಬಿಣ ಇದೆ, ಕಾಂಕ್ರೀಟಿಗೆ ಎಷ್ಟು ದಿನ ನೀರು ಹಾಕಿದ್ದಾರೆ, ಪೈಪ್ ಎಳೆಯಲು ಬೀಮ್ ಕೊರೆದಿದ್ದಾರಾ, ಇದು ಯಾವುದೂ ಮುಗಿದ ಮನೆಯಲ್ಲಿ ಕಾಣುವುದಿಲ್ಲ. ಸಿಡ್ನಿಯ ಓಪಲ್ ಟವರ್ ಗೊತ್ತಲ್ಲ? 2018ರಲ್ಲಿ ಜನ ವಾಸಕ್ಕೆ ಬಂದ ಹೊಸ ಕಟ್ಟಡ. ಅದೇ ವರ್ಷ ಡಿಸೆಂಬರ್ 24ರಂದು ಬಿರುಕು ಬಿಟ್ಟು ಎಲ್ಲರನ್ನೂ ಹೊರಗೆ ಕಳಿಸಿದರು. ಕೆಲವು ಬೀಮ್‌ಗಳ ವಿನ್ಯಾಸದಲ್ಲೂ ತಪ್ಪಿತ್ತು, ಕಟ್ಟಿದ್ದರಲ್ಲೂ ತಪ್ಪಿತ್ತು ಅಂತ ತಜ್ಞರ ವರದಿ ಹೇಳಿತು. ಬೀಗದ ಕೈ ತೆಗೆದುಕೊಂಡ ದಿನ ಅಲ್ಲಿನ ಗೋಡೆಗಳು ಥಳಥಳ ಹೊಳೆಯುತ್ತಿದ್ದಿರಬೇಕು.

ನನ್ನನ್ನು ಕೇಳಿದರೆ ಮನೆ ನೋಡಲು ಒಳ್ಳೆಯ ದಿನ ಒಂದೇ. ತಾರಸಿ ಹಾಕಿ ಸೆಂಟ್ರಿಂಗ್, ಅಂದರೆ ಕಾಂಕ್ರೀಟನ್ನು ಹೊತ್ತು ನಿಂತ ಹಲಗೆ, ಆಸರೆ ಬಿಚ್ಚಿದ ಮೇಲೆ, ಪ್ಲಾಸ್ಟರಿಂಗ್ ಶುರುವಾಗುವ ಮುಂಚೆ.

ಮಣ್ಣುಗಾಲು

ಸಾರ್, ಆ ದಿನ ನಮ್ಮಂಥವರು ಹೋದರೆ ಏನು ನೋಡಬೇಕು? ನಮಗೆ ಕಾಣುವುದು ಬೂದು ಬಣ್ಣ ಅಷ್ಟೇ.

ತೂಗುಗುಂಡು

ಪಿಲ್ಲರ್ ಬುಡ ನೋಡಿ. ಕಾಂಕ್ರೀಟ್ ಸರಿಯಾಗಿ ಕೂರದಿದ್ದರೆ ಬುಡದಲ್ಲಿ ಜಲ್ಲಿ ಜಲ್ಲಿ ಕಂಡು ಜೇನುಗೂಡಿನ ಥರ ಇರುತ್ತದೆ. ತಾರಸಿಯ ಅಡಿಭಾಗ ನೋಡಿ, ಕಬ್ಬಿಣದ ಕಂಬಿ ಇಣುಕುತ್ತಿದೆಯಾ ಅಂತ. ಕಿಟಕಿ ಮೂಲೆಯಲ್ಲಿ ಇಟ್ಟಿಗೆ ಸೀಳಿದೆಯಾ ನೋಡಿ. ಒಂದು ದಾರಕ್ಕೆ ಕಲ್ಲು ಕಟ್ಟಿ ಗೋಡೆ ಪಕ್ಕ ಇಳಿಬಿಡಿ, ಗೋಡೆ ನೆಟ್ಟಗಿದೆಯೋ ಇಲ್ಲವೋ ಮಕ್ಕಳಿಗೂ ಗೊತ್ತಾಗುತ್ತದೆ. ತಾರಸಿ ಹಾಕಿದ ತಾರೀಖು, ಸೆಂಟ್ರಿಂಗ್ ಬಿಚ್ಚಿದ ತಾರೀಖು ಕೇಳಿ. ಕಾಂಕ್ರೀಟಿನ ಬಲವನ್ನು ಅಳೆಯುವುದು 28ನೇ ದಿನಕ್ಕೆ. ಅವಸರದಲ್ಲಿ ಬಿಚ್ಚಿದ್ದರೆ ಮೇಸ್ತ್ರಿ ಮುಖ ಮೊದಲೇ ಹೇಳುತ್ತದೆ.

ಮತ್ತೆ, ಪೈಪು ವೈರಿನ ಕೊಳವೆ ಎಲ್ಲಾ ಕೂರಿಸಿದ ದಿನ, ಗೋಡೆಗೆ ಟೇಪ್ ಹಿಡಿದು ಪ್ರತಿ ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಿ. ಐದು ವರ್ಷದ ಮೇಲೆ ಗೋಡೆಗೆ ಒಂದು ಮೊಳೆ ಹೊಡೆಯುವಾಗ ನನ್ನ ನೆನಪು ಬರುತ್ತದೆ.

ಹಳೇಕಾಗದ

ನಾನು ವಕೀಲ. ಇಟ್ಟಿಗೆ ಬಿಟ್ಟು ಕಾಗದದ ಮಾತಿಗೆ ಬರುತ್ತೇನೆ.

ಮೊದಲೇ ಮಾರುವ ಪದ್ಧತಿ ಇರುವ ಕಡೆಯೆಲ್ಲಾ ಕಾನೂನು ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಗಿರಾಕಿ ಕೊಟ್ಟ ದುಡ್ಡು ಅದೇ ಕಟ್ಟಡಕ್ಕೆ ಹೋಗುವ ಹಾಗೆ ಮಾಡುವುದು ಹೇಗೆ? ಫ್ರಾನ್ಸ್ ದುಡ್ಡನ್ನು ಕೆಲಸದ ಜೊತೆ ಕಟ್ಟಿಹಾಕಿದೆ. ಪಾಯ ಮುಗಿಯುವವರೆಗೆ ಬಿಲ್ಡರ್ ನೂರಕ್ಕೆ 35ಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಸೂರು ಮುಚ್ಚಿ ನೀರು ಒಳಗೆ ಬರದ ಹಾಗಾಗುವವರೆಗೆ 70. ಕಟ್ಟಡ ಮುಗಿಯುವವರೆಗೆ 95. ಉಳಿದ 5 ಮನೆ ಕೈಗೆ ಕೊಡುವಾಗ, ಅದೂ ಕರಾರಿನಂತೆ ಇಲ್ಲ ಅಂತ ತಕರಾರಿದ್ದರೆ ಮೂರನೆಯವರ ಹತ್ತಿರ ಠೇವಣಿ ಇಡಬಹುದು.

ಭಾರತದ 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ದುಡ್ಡನ್ನು ಬೇರೆ ಖಾತೆಗೆ ಕಟ್ಟಿಹಾಕಿತು. ಅದರ ಕೆಳಗೆ ನೋಂದಣಿಯಾದ ಯೋಜನೆಯಲ್ಲಿ ಗಿರಾಕಿಯಿಂದ ಬಂದದ್ದರಲ್ಲಿ 70 ಭಾಗ ಪ್ರತ್ಯೇಕ ಖಾತೆಯಲ್ಲಿರಬೇಕು. ಕೆಲಸ ಎಷ್ಟಾಗಿದೆ ಅಂತ ಇಂಜಿನಿಯರ್, ಆರ್ಕಿಟೆಕ್ಟ್, ಲೆಕ್ಕಪರಿಶೋಧಕರು ಬರೆದುಕೊಟ್ಟ ಮೇಲೆ ಅಷ್ಟೇ ತೆಗೆಯಬೇಕು. ಕರಾರು ನೋಂದಣಿಯಾಗುವ ಮುಂಚೆ ಬೆಲೆಯ ನೂರಕ್ಕೆ 10ಕ್ಕಿಂತ ಜಾಸ್ತಿ ಮುಂಗಡ ಕೇಳುವ ಹಾಗಿಲ್ಲ. ಮನೆ ಕೊಟ್ಟ ಮೇಲೆ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಮಾಡಬೇಕು. ಮಣ್ಣುಗಾಲು ಅವರ ಬಿಲ್ಡರ್ ಹೊಸ ಜಾಗ ಕೊಂಡನಲ್ಲ, ಆ ದಾರಿಯನ್ನೇ ಮುಚ್ಚುವ ಯತ್ನ ಇದು.

ಕಟ್ಟಿಹಾಕದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಚೀನಾ ನೋಡಿ. ಹಾಂಗ್‌ಕಾಂಗಿನಲ್ಲಿ 1950ರ ದಶಕದಲ್ಲಿ ಬೆಳೆದ ಪದ್ಧತಿ, 1994ರ ಕಾಯ್ದೆಯಿಂದ ಚೀನಾದಲ್ಲೂ ಊರ್ಜಿತವಾಯಿತು. ಹೊಸ ಮನೆಗಳಲ್ಲಿ ಬಹುಪಾಲು ಮೊದಲೇ ಮಾರಾಟವಾಗುತ್ತಿದ್ದವು. ಒಂದು ಕಟ್ಟಡದ ದುಡ್ಡು ಇನ್ನೊಂದಕ್ಕೆ, ಇನ್ನೊಂದರದು ಮತ್ತೊಂದಕ್ಕೆ. 2021ರಲ್ಲಿ ಅಲ್ಲಿನ ದೊಡ್ಡ ಬಿಲ್ಡರ್ ಕಂಪನಿ ಎವರ್‌ಗ್ರಾಂಡ್ ಸಾಲ ಕಟ್ಟಲಾರದೆ ನಿಂತಿತು. 2022ರಲ್ಲಿ ಅರ್ಧಕ್ಕೆ ನಿಂತ ಕಟ್ಟಡಗಳ ಗಿರಾಕಿಗಳು ‘ಮನೆ ಕೊಡುವವರೆಗೆ ಕಂತು ಕಟ್ಟುವುದಿಲ್ಲ’ ಅಂತ ಊರೂರಲ್ಲಿ ಕೂತರು. 2024ರ ಜನವರಿಯಲ್ಲಿ ಹಾಂಗ್‌ಕಾಂಗಿನ ನ್ಯಾಯಾಲಯ ಆ ಕಂಪನಿಯನ್ನು ಮುಚ್ಚಲು ಆದೇಶ ಕೊಟ್ಟಿತು.

ಕಿಟಕಿಪಕ್ಕ

ಖಾತೆ ಬೇರೆ ಮಾಡಿದ ಮಾತ್ರಕ್ಕೆ ಮನುಷ್ಯ ಬೇರೆ ಆಗುತ್ತಾನಾ ವಕೀಲರೇ?

ಹಳೇಕಾಗದ

ಆಗುವುದಿಲ್ಲ. ಆದರೆ ಕದಿಯಲು ಮೂರು ಸಹಿ ಬೇಕು ಅಂದರೆ ಕಳ್ಳನಿಗೂ ಬೇಜಾರು ಬರುತ್ತದೆ.

ಇನ್ನೊಂದು ಮಾತು ಬಿಟ್ಟಿದ್ದೆ. ತಡವಾಗುವುದು ಯಾವಾಗಲೂ ದುಡ್ಡಿಲ್ಲದೆ ಅಲ್ಲ, ಕೆಲವು ಸಲ ಬೇಕಂತಲೇ. ಕರಾರಿನಲ್ಲಿ ‘ಇಂಥ ದಿನದೊಳಗೆ ಮುಗಿಯದಿದ್ದರೆ ಎರಡೂ ಕಡೆಯವರು ರದ್ದು ಮಾಡಬಹುದು’ ಅಂತ ಒಂದು ಸಾಲು ಇರುತ್ತದೆ. ಓದಿದರೆ ಗಿರಾಕಿಗೆ ಒಳ್ಳೆಯದೇ ಅನ್ನಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಮನೆ ಬೆಲೆ ಏರಿದಾಗ ಕೆಲವು ಬಿಲ್ಡರ್‌ಗಳು ಕೆಲಸ ಎಳೆದು ಎಳೆದು ಆ ದಿನ ದಾಟಿಸಿ, ಮುಂಗಡ ವಾಪಸ್ ಕೊಟ್ಟು, ಅದೇ ಮನೆಯನ್ನು ಜಾಸ್ತಿ ಬೆಲೆಗೆ ಬೇರೆಯವರಿಗೆ ಮಾರಿದರು. ಕೊನೆಗೆ 2015ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯ ಕಾನೂನು ತಿದ್ದಿತು. ಗಿರಾಕಿ ಒಪ್ಪದೆ ಅಥವಾ ನ್ಯಾಯಾಲಯ ಹೇಳದೆ ಬಿಲ್ಡರ್ ಆ ಸಾಲು ಹಿಡಿದು ರದ್ದು ಮಾಡುವ ಹಾಗಿಲ್ಲ ಅಂತ. ಕರಾರಿನಲ್ಲಿ ‘ಎರಡೂ ಕಡೆಯವರು’ ಅಂತ ಕಂಡ ಕಡೆ ಪೆನ್ನು ನಿಲ್ಲಿಸಿ, ಇನ್ನೊಂದು ಸಲ ಓದಿ.

ಹಂಚುಮಾಡು

ಮುಗಿಸಿ ಮಾರುವವರ ಗೋಳನ್ನು ಯಾರೂ ಹೇಳುತ್ತಿಲ್ಲ. ನಮ್ಮ ಯಜಮಾನರು ಹಾಗೆ ಮಾಡಿದವರು. ಎರಡು ಮನೆ ಪೂರ್ತಿ ಮಾಡಿ, ಬಣ್ಣ ಬಳಿಸಿ, ಬಲ್ಬ್ ಕೂಡ ಹಾಕಿಸಿದರು. ಒಂದು ಬೇಗ ಹೋಯಿತು. ಇನ್ನೊಂದು 14 ತಿಂಗಳು ನಿಂತಿತು.

ಖಾಲಿ ಮನೆ ಬೇಗ ಮುಪ್ಪಾಗುತ್ತದೆ, ಗೊತ್ತಾ? ನೀರು ಬಿಡದೆ ಬಾತ್‌ರೂಮಿನ ಜಾಲರಿ ಕೆಳಗೆ ನಿಂತ ನೀರು ಆರಿಹೋಗುತ್ತದೆ. ಆಮೇಲೆ ಮೋರಿ ವಾಸನೆ ಮನೆಯೊಳಗೆ. ನೋಡಲು ಬಂದವರು ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು. ಆವತ್ತಿನಿಂದ ನಾನು ವಾರಕ್ಕೆ ಎರಡು ಸಲ ಹೋಗಿ ಎಲ್ಲಾ ನಲ್ಲಿ ತಿರುಗಿಸಿ, ಒಂದೊಂದು ಚೊಂಬು ನೀರು ಹಾಕಿ, ಕಿಟಕಿ ತೆಗೆದು ಬರುತ್ತಿದ್ದೆ. ಬೇರೆಯವರಿಗೆ ಮಾರುವ ಮನೆಯನ್ನು ನನ್ನ ಮನೆಗಿಂತ ಜಾಸ್ತಿ ಗುಡಿಸಿದ್ದೇನೆ.

ಕೊನೆಗೆ ಕೊಂಡವರು ಮೊದಲ ವಾರವೇ ಅಡುಗೆಮನೆ ಕಟ್ಟೆ ಒಡೆಸಿದರು. ಎತ್ತರ ಸರಿ ಇಲ್ಲವಂತೆ. ಹೊಸ ಗ್ರಾನೈಟ್ ತುಂಡಾಗಿ ಹೊರಗೆ ಬಿದ್ದಿತ್ತು. ನಮ್ಮವರು ಅದನ್ನು ನೋಡಿ ‘ಮೊದಲೇ ಬಂದಿದ್ದರೆ ಅವರ ಎತ್ತರಕ್ಕೇ ಕಟ್ಟುತ್ತಿದ್ದೆನಲ್ಲ’ ಅಂದರು. ಬೆಲೆ ಅವರು ಕೊಟ್ಟಾಗಿತ್ತು. ಆದರೂ ಹೊಟ್ಟೆ ಉರಿಯಿತು.

ಗಾರೆಕೈ

ಹಂಚುಮಾಡು ಅವರೇ, ಆ ಚೊಂಬು ನೀರಿನ ವಿಷಯ ಸೈಟಿನವರಾದ ನಮಗೂ ಎಷ್ಟೋ ಸಲ ಹೊಳೆಯುವುದಿಲ್ಲ.

ಲೆಕ್ಕದಕ್ಕ

ನೋಡಿ, ಇಬ್ಬರ ಮಾತಲ್ಲೂ ಉತ್ತರ ಇದೆ. ತೂಗುಗುಂಡು ಹೇಳಿದ ದಿನ, ಅಂದರೆ ತಾರಸಿ ಬಿದ್ದು ಪ್ಲಾಸ್ಟರಿಂಗ್ ಆಗುವ ಮುಂಚೆ, ಮನೆಯ ಮೂಳೆ ಕಾಣುತ್ತದೆ. ಹಂಚುಮಾಡು ಹೇಳಿದ ಕಟ್ಟೆ ಎತ್ತರ, ಪ್ಲಗ್ ಪಾಯಿಂಟ್, ಬಾಗಿಲು ಯಾವ ಕಡೆ ತೆರೆಯಬೇಕು, ಇದೆಲ್ಲಾ ಆ ದಿನ ಇನ್ನೂ ಬದಲಾಯಿಸಬಹುದು. ಮುಗಿಯುವುದಕ್ಕೆ ಉಳಿದಿರುವುದು ಕೆಲವು ತಿಂಗಳು, ಆದ್ದರಿಂದ ಗಿರಾಕಿ ದುಡ್ಡು ಜಾಸ್ತಿ ದಿನ ಸಿಕ್ಕಿಹಾಕಿಕೊಳ್ಳುವುದಿಲ್ಲ. ನೀವೂ 15 ಬಿಡಬೇಕಾಗಿಲ್ಲ. 5, 6ಕ್ಕೆ ಒಪ್ಪುತ್ತಾರೆ. ಮತ್ತೆ ತಾರಸಿವರೆಗೆ ನಿಮ್ಮ ಸ್ವಂತ ದುಡ್ಡು ಸಾಲುತ್ತದೆ ಅಂತ ನೀವೇ ಬರೆದಿದ್ದೀರಿ. ಅಲ್ಲಿಯವರೆಗೆ ನಿಮ್ಮದು ಹೋದರೆ ನಿಮ್ಮದೇ ಹೋಯಿತು. ಅರ್ಧ ದಾರಿ ಸ್ವಂತ ದುಡ್ಡಿನಲ್ಲಿ ಬಂದವನು ಬಿಟ್ಟು ಓಡುವುದಿಲ್ಲ ಅಂತ ಗಿರಾಕಿಗೂ ಅರ್ಥವಾಗುತ್ತದೆ.

ಆದರೆ ಆರೂ ಬೇಡ. ಮುಗಿಸುವುದಕ್ಕೆ ಎಷ್ಟು ಬೇಕೋ ಅಷ್ಟು ಮನೆ ಮಾತ್ರ. ಉಳಿದದ್ದು ಮುಗಿದ ಮೇಲೆ.

ಊರೂರುಸುತ್ತಿ

ಅಂದರೆ ಬಾತ್ ಊರಿನ ದಾರಿಯೇ! ನಾನು ಸುಮ್ನೆ ಕಥೆ ಹೇಳಲಿಲ್ಲ ಅಂತಾಯಿತು.

ಒಂದು ಎಚ್ಚರಿಕೆ. ‘ಹೊಸ ಮನೆ ಮಾರಾಟ ಏರಿತು’ ಅಂತ ಸುದ್ದಿ ನೋಡಿ ಅವಸರ ಪಡಬೇಡಿ. ಉದಾಹರಣೆಗೆ ಅಮೆರಿಕದ ಜನಗಣತಿ ಇಲಾಖೆ ಪ್ರತಿ ತಿಂಗಳು ಕೊಡುವ ಅಂಥ ಲೆಕ್ಕದಲ್ಲಿ ಕರಾರಿಗೆ ಸಹಿ ಬಿದ್ದರೆ ಅಥವಾ ಮುಂಗಡ ಕೊಟ್ಟರೆ ಮಾರಾಟ ಅಂತಲೇ ಎಣಿಸುತ್ತಾರೆ. ಗುದ್ದಲಿ ಕೂಡ ಬೀಳದ ಮನೆಯೂ ಅದರಲ್ಲಿ ಸೇರಿರುತ್ತದೆ. ಆಮೇಲೆ ರದ್ದಾದರೆ ಹಿಂದಿನ ಲೆಕ್ಕದಿಂದ ತೆಗೆಯುವುದಿಲ್ಲ.

ಮಣ್ಣುಗಾಲು

ನನ್ನದೊಂದು ಬೇಡಿಕೆ. ಸ್ಯಾಂಪಲ್ ಮನೆ ಅಂತ ಒಂದನ್ನು ಮೊದಲೇ ಸಿಂಗರಿಸಿ ಇಡಬೇಡಿ. ನಾವು ನೋಡಿದ ಸ್ಯಾಂಪಲ್ ಫ್ಲಾಟಿನಲ್ಲಿ ಬೆಡ್‌ರೂಮ್ ದೊಡ್ಡದಾಗಿ ಕಂಡಿತ್ತು. ನಮ್ಮ ಮಂಚ ಹಾಕಿದ ಮೇಲೆ ಬೀರು ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ. ಆಮೇಲೆ ನೆನಪು ಮಾಡಿಕೊಂಡರೆ ಅಲ್ಲಿ ಒಳಬಾಗಿಲುಗಳೇ ಇರಲಿಲ್ಲ. ಮಂಚ ಮಕ್ಕಳ ಅಳತೆಯದು. ಒಂದು ಗೋಡೆ ಪೂರ್ತಿ ಕನ್ನಡಿ.

ಹಂಚುಮಾಡು

ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಮಂಚ, ಬೀರು, ಫ್ರಿಜ್ ಗೆರೆ ಹಾಕಿ ತೋರಿಸಿ ಗಾರೆಕೈ. ಖರ್ಚೂ ಕಡಿಮೆ, ಮೋಸವೂ ಇಲ್ಲ.

ಗಾರೆಕೈ

ಮೂರು ದಿನ ಯೋಚನೆ ಮಾಡಿದೆ. ಬ್ಯಾಂಕಿಗೆ ಹೋಗಿ ಬಂದೆ. ಏಜೆಂಟಿಗೆ ಫೋನ್ ಮಾಡಿ ಸದ್ಯಕ್ಕೆ ಬೇಡ ಅಂದೆ. ಅವರು ‘ನಿಮಗೆ ವ್ಯಾಪಾರ ಗೊತ್ತಿಲ್ಲ ಸಾರ್’ ಅಂದರು. ಇರಬಹುದು.

ತಾರಸಿವರೆಗೆ ನನ್ನ ದುಡ್ಡು. ಸೆಂಟ್ರಿಂಗ್ ಬಿಚ್ಚಿದ ಮೇಲೆ ಪ್ಲಾಸ್ಟರಿಂಗ್ ಹದಿನೈದು ದಿನ ನಿಲ್ಲಿಸಿ ಎಲ್ಲರಿಗೂ ತೆರೆದಿಡುತ್ತೇನೆ. ಇಂಜಿನಿಯರ್ ಕರೆದುಕೊಂಡು ಬಂದರೆ ಬೇಡ ಅನ್ನುವುದಿಲ್ಲ. ಆ ಹಂತದಲ್ಲಿ ಮೂರು ಮನೆ ಮಾರುತ್ತೇನೆ, ದುಡ್ಡಿಗೆ ಬೇರೆ ಖಾತೆ. ಉಳಿದ ಮೂರು ಮುಗಿದ ಮೇಲೆ. ಕಡಿಮೆ ಬಿದ್ದರೆ ಬ್ಯಾಂಕಿನದು ಸ್ವಲ್ಪ.

ಒಂದರಲ್ಲಿ ಮಾತ್ರ ಗಂಟಲು ಕಟ್ಟುತ್ತಿದೆ. ಕೊನೆಯ ಕಂತು ಮನೆ ಕೊಟ್ಟು ಮೂರು ತಿಂಗಳಾದ ಮೇಲೆ ತೆಗೆದುಕೊಳ್ಳೋಣ ಅಂದುಕೊಂಡೆ, ಏನಾದರೂ ಸೋರಿದರೆ ಅವರಿಗೂ ಧೈರ್ಯ ಇರಲಿ ಅಂತ. 10 ಭಾಗ ಇಡೋಣ ಅಂದರೆ ನನಗೆ ಉಳಿಯುವುದೇ ಹೆಚ್ಚುಕಡಿಮೆ ಅಷ್ಟು. ಪೂರ್ತಿ ಲಾಭ ಅವರ ಜೇಬಿನಲ್ಲಿ ಬಿಟ್ಟಂತಾಗುತ್ತದೆ.

ಹಳೇಕಾಗದ

5 ಇಡಿ. ಆದರೆ ಯಾವ ದೋಷಕ್ಕೆ ಹಿಡಿಯಬಹುದು, ಯಾವುದಕ್ಕೆ ಹಿಡಿಯಬಾರದು ಅಂತ ಬರೆದು ಇಡಿ. ಸೋರಿಕೆ, ಬಿರುಕು, ಇಳಿಜಾರು ಸೇರಲಿ. ಬಣ್ಣ ಇಷ್ಟವಾಗಲಿಲ್ಲ ಅನ್ನುವುದು ಸೇರದಿರಲಿ. ಬಾಯಿ ಮಾತಲ್ಲಿ ಬಿಟ್ಟರೆ ಆ 5 ನಿಮಗೆ ಯಾವತ್ತೂ ಬರುವುದಿಲ್ಲ.

ತೂಗುಗುಂಡು

ಬಾತ್‌ರೂಮುಗಳಲ್ಲಿ ಟೈಲ್ಸ್ ಹಾಕುವ ಮುಂಚೆ ಒಂದು ದಿನ ಪೂರ್ತಿ ನೀರು ನಿಲ್ಲಿಸಿ ಕೆಳಗಿನಿಂದ ನೋಡಿ. ಕೊಂಡವರನ್ನೂ ಆ ದಿನ ಕರೆಯಿರಿ. ಅವರು ಕೆಳಗೆ ನಿಂತು ಒಣಗಿದ ಸೂರು ನೋಡಿದರೆ, ಆ 5ರ ಜಗಳ ಅರ್ಧ ಅಲ್ಲೇ ಮುಗಿಯುತ್ತದೆ. ಈ ಸಲ ಎರಡು ಪದರ ಹಾಕಿಸಿ, ಸರೀನಾ?

ಗಾರೆಕೈ

ಎರಡೇ ಸಾರ್. ನಾನೇ ನಿಂತು ಹಾಕಿಸುತ್ತೇನೆ.

ಮಣ್ಣುಗಾಲು

ಸುಮ್ನೆ ಕೇಳುತ್ತಿದ್ದೇನೆ. ಮೂರನೇ ಮನೆಯ ಅಡುಗೆಮನೆ ಕಿಟಕಿ ಯಾವ ದಿಕ್ಕಿಗಿದೆ?

ಗಾರೆಕೈ

ಪೂರ್ವಕ್ಕೆ. ಆದರೆ ಪಕ್ಕದ ಜಾಗದ ಕಾಂಪೌಂಡ್ ಗೋಡೆ ಎತ್ತರ ಇದೆ ಸಾರ್. ಬೆಳಿಗ್ಗೆ ಒಂದು ಗಂಟೆ ಬಿಸಿಲು ಬೀಳುತ್ತದೆ, ಅಷ್ಟೇ. ಐದನೇ ಮನೆಗೆ ಜಾಸ್ತಿ ಬೀಳುತ್ತದೆ.